ಮಾಸ್ಟ್ರಲ್ಲಿ ಕೇಳಿ: ಕತ್ತಿ ಅವರೆಯೂ ಸಕ್ಕರೆ ಮಾಲೆಯೂ

ಹೋದ ತಿಂಗಳು ಹಲಸಿನ ಬೀಜದ ಬಗ್ಗೆ ಬರೆಯುವಾಗ, ‘ಇದರಲ್ಲಿ ರಕ್ತಕಣಗಳನ್ನು ಗುಂಪು ಕಟ್ಟಿಸುವ ಒಂದು ಪ್ರೋಟೀನ್ ಇದೆ’ ಅಂತ ಒಂದು ಸಾಲು ಸೇರಿಸಿದ್ದೆ. ಸುಮ್ನೆ ಸೇರಿಸಿದ್ದು. ಅದಕ್ಕೆ ಬಂದ ಪತ್ರ, ವಾಟ್ಸಾಪ್ ನೋಡಿದರೆ ಈ ಸಲ ಬೇರೆ ಪ್ರಶ್ನೆಗೆ ಜಾಗವೇ ಇಲ್ಲ. ತೆಂಗಿನ ಕೆಂಪು ಮೂತಿ ಹುಳುವಿನ ಬಗ್ಗೆ ಕೇಳಿದವರು ದಯವಿಟ್ಟು ಮುಂದಿನ ತಿಂಗಳವರೆಗೆ ಕಾಯಬೇಕು.

ಪ್ರಶ್ನೆ: ಮಾಸ್ಟ್ರೇ, ನನ್ನ ಅಕ್ಕ ಬೆಂಗಳೂರಿನಲ್ಲಿ ಪಾಲಿಮರ್ ವಿಷಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಜ್ಯಾಕ್ ಬೀನ್ ಎಂಬ ಅವರೆಯ ಪ್ರೋಟೀನನ್ನು, ತಾನೇ ತಯಾರಿಸಿದ ಸಕ್ಕರೆಯ ಪಾಲಿಮರಿಗೆ ಬೆರೆಸಿದರೆ ನೀರು ಹಾಲಿನ ಹಾಗೆ ಬೆಳ್ಳಗಾಗುತ್ತದಂತೆ. ಅದನ್ನು ನೋಡುವುದೇ ಅವಳ ಕೆಲಸವಂತೆ. ‘ಸಕ್ಕರೆ ನೀರಿಗೆ ಅವರೆ ಹಾಕಲಿಕ್ಕೆ ಐದು ವರ್ಷ ಬೇಕಾ?’ ಅಂತ ಅಮ್ಮ ಕೇಳುತ್ತಾರೆ. ಏನು ಹೇಳಲಿ? — ಪ್ಲಸ್ ಟು ವಿದ್ಯಾರ್ಥಿ, ನೀರ್ಚಾಲು

ಉತ್ತರ: ನಿನ್ನ ಅಮ್ಮನ ಪ್ರಶ್ನೆ ನನಗೆ ಹಿಡಿಸಿತು. ಮೊದಲು ಅವರೆಯಿಂದಲೇ ಶುರು ಮಾಡೋಣ.

ಜ್ಯಾಕ್ ಬೀನ್ ಅಂದ ಮಾತ್ರಕ್ಕೆ ಹಲಸಿಗೂ ಅದಕ್ಕೂ ಸಂಬಂಧವಿಲ್ಲ. ನಮ್ಮಲ್ಲಿ ಬೇಲಿಗೆ ಹಬ್ಬಿಸುವ ಕತ್ತಿ ಅವರೆ ಇದೆಯಲ್ಲ, ಮಲಯಾಳದಲ್ಲಿ ವಾಳರಿ ಪಯರ್ ಅಂತಾರೆ, ಅದರ ಹತ್ತಿರದ ನೆಂಟ ಇದು. ವಾಳ್ ಅಂದರೂ ಕತ್ತಿಯೇ. ಕೋಡು ಎಳತಾಗಿದ್ದಾಗ ಪಲ್ಯ ಮಾಡುತ್ತೇವೆ, ಬಲಿತ ಮೇಲೆ ಯಾರೂ ತಿರುಗಿ ನೋಡುವುದಿಲ್ಲ. ಆ ಬಲಿತ ಬೀಜವನ್ನು ತಿರುಗಿ ನೋಡಿದವನು ಅಮೆರಿಕದ ಜೇಮ್ಸ್ ಸಮ್ನರ್. ಹದಿನೇಳನೇ ವಯಸ್ಸಿನಲ್ಲಿ ಬೇಟೆಗೆ ಹೋಗಿ ಗುಂಡು ತಗಲಿ ಎಡಗೈ ಕಳೆದುಕೊಂಡವನು. ಅವನು ಎಡಚ ಬೇರೆ. ಒಂದೇ ಕೈಯಲ್ಲಿ ಕೆಮಿಸ್ಟ್ರಿ ಆಗುವುದಿಲ್ಲ, ವಕೀಲಿಕೆ ಓದು ಅಂತ ದೊಡ್ಡವರು ಬುದ್ಧಿ ಹೇಳಿದರೂ ಕೇಳಲಿಲ್ಲ. ಜ್ಯಾಕ್ ಬೀನಿನ ಹಿಟ್ಟಿನಿಂದ 1919ರಲ್ಲಿ ಒಂದು ಪ್ರೋಟೀನನ್ನು ಬೇರ್ಪಡಿಸಿ ಅದಕ್ಕೆ ಕಾನ್‌ಕನವಾಲಿನ್-ಎ ಅಂತ ಹೆಸರಿಟ್ಟ. ಅದೇ ಹಿಟ್ಟಿನಿಂದ 1926ರಲ್ಲಿ ಯೂರಿಯೇಸ್ ಎಂಬ ಕಿಣ್ವದ ಹರಳು ತೆಗೆದ. ಆ ಹರಳಿಗೆ 1946ರಲ್ಲಿ ನೊಬೆಲ್ ಬಂತು. ನಿನ್ನ ಅಕ್ಕನ ಕೆಲಸಕ್ಕೆ ಬೇಕಾದದ್ದು ಮೊದಲನೆಯದು. ಲ್ಯಾಬಿನವರು ಅದನ್ನು ಚಿಕ್ಕದಾಗಿ ಕಾನ್-ಎ ಅನ್ನುತ್ತಾರೆ. ಅದು ಸಕ್ಕರೆಯನ್ನು ಹಿಡಿಯುತ್ತದೆ ಎಂಬುದೂ 1936ರಲ್ಲಿ ಸಮ್ನರನ ಲ್ಯಾಬಿನಲ್ಲೇ ಕಂಡದ್ದು.

ಈಗ ಆ ಪ್ರೋಟೀನಿನ ಆಕಾರ ನೋಡು. ನಾಲ್ಕು ಒಂದೇ ತರದ ತುಂಡುಗಳು ಸೇರಿ ಒಂದು ಉಂಡೆಯಾಗಿವೆ. ಒಂದೊಂದು ತುಂಡಿಗೂ ಮೇಲ್ಮೈಯಲ್ಲಿ ಒಂದು ಸಣ್ಣ ಗುಳಿ. ನಾವು ಅದನ್ನು ಕೈ ಅನ್ನೋಣ, ಒಟ್ಟು ನಾಲ್ಕು ಕೈ. ಆ ಕೈಗೆ ಮ್ಯಾನೋಸ್ ಎಂಬ ಸಕ್ಕರೆ ಸರಿಯಾಗಿ ಕೂರುತ್ತದೆ. ಗ್ಲೂಕೋಸೂ ಕೂರುತ್ತದೆ, ಸ್ವಲ್ಪ ಸಡಿಲವಾಗಿ. ಗ್ಯಾಲಕ್ಟೋಸ್ ಮಾತ್ರ ಕೂರುವುದೇ ಇಲ್ಲ. ಗ್ಲೂಕೋಸಿಗೂ ಗ್ಯಾಲಕ್ಟೋಸಿಗೂ ವ್ಯತ್ಯಾಸ ಎಷ್ಟು? ನಾಲ್ಕನೇ ಇಂಗಾಲದ ಮೇಲಿನ ಒಂದು ಓಎಚ್ ಕೆಳಗೆ ಇರಬೇಕಾದದ್ದು ಮೇಲೆ ತಿರುಗಿದೆ, ಅಷ್ಟೇ. ತೂಕ ಒಂದೇ, ಅಣುಸೂತ್ರ ಒಂದೇ. ಆದರೂ ಅವರೆಗೆ ಗೊತ್ತಾಗುತ್ತದೆ. ಇನ್ನೊಂದು ಮಾತು: ಗುಳಿಯ ಪಕ್ಕದಲ್ಲಿ ಒಂದು ಮ್ಯಾಂಗನೀಸ್, ಒಂದು ಕ್ಯಾಲ್ಸಿಯಂ ಕೂತಿರಬೇಕು. ಅವನ್ನು ತೆಗೆದರೆ ಕೈ ಸೋತುಹೋಗುತ್ತದೆ. ನಿನ್ನ ಅಕ್ಕ ದ್ರಾವಣ ಮಾಡುವಾಗ ಈ ಎರಡು ಲವಣ ಮರೆತು ಒಂದು ವಾರ ಹಾಳು ಮಾಡಿಕೊಂಡಿರಬಹುದು, ಕೇಳಿ ನೋಡು.

ಇಷ್ಟೆಲ್ಲ ಆರಿಸಿ ಹಿಡಿದರೂ ಹಿಡಿತ ಮಾತ್ರ ಬಿಗಿ ಅಲ್ಲ. ಒಂದು ಸಕ್ಕರೆ ಬಂದು ಕೂರುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಎದ್ದು ಹೋಗುತ್ತದೆ. ಸುತ್ತ ಇರುವ ನೀರಿನ ಅಣುಗಳೂ ಅದೇ ಗುಳಿಗೆ ನುಗ್ಗುತ್ತಿರುತ್ತವೆ. ಬಿಡಿ ಮ್ಯಾನೋಸ್ ಹಾಕಿದರೆ ನೀರು ತಿಳಿಯಾಗಿಯೇ ಇರುತ್ತದೆ, ಹಾಲಾಗುವುದಿಲ್ಲ.

ಪಾಲಿಮರ್ ಬರುವುದು ಇಲ್ಲಿ. ಉದ್ದ ದಾರದಂಥ ಒಂದು ಅಣು. ಅದಕ್ಕೆ ಉದ್ದಕ್ಕೂ ಮ್ಯಾನೋಸ್ ಪೋಣಿಸಿದೆ. ಮಾಲೆಯ ಒಂದು ಹೂವು ಒಂದು ಕೈಗೆ ಸಿಕ್ಕಿತು ಅಂತಿಟ್ಟುಕೋ. ಅದು ಜಾರಿದರೂ ಪಕ್ಕದ ಹೂವು ಅಲ್ಲೇ ಇದೆ, ಅದು ಕೂರುತ್ತದೆ. ಮಾಲೆ ದೂರ ಹೋಗುವ ಮೊದಲೇ ಮತ್ತೆ ಹಿಡಿತ.

ನಮ್ಮ ತೋಟಕ್ಕೆ ಅಡಿಕೆ ಕೊಯ್ಯಲು ಬರುವವನು ಕಾಲಿಗೆ ತಳೆ ಹಾಕಿಕೊಂಡು ಮರ ಹತ್ತುವುದನ್ನು ನೋಡಿದ್ದೀಯಲ್ಲ? ಕೈ ಬಿಡುವಾಗ ಕಾಲು ಹಿಡಿದಿರುತ್ತದೆ, ಕಾಲು ಎತ್ತುವಾಗ ಕೈ ಹಿಡಿದಿರುತ್ತದೆ. ಕೈಯೂ ಕಾಲೂ ಒಟ್ಟಿಗೆ ಬಿಟ್ಟರೆ ಮಾತ್ರ ಅಪಾಯ. ಮಾಲೆಯ ಹತ್ತಾರು ಹಿಡಿತಗಳೂ ಒಟ್ಟಿಗೇ ಬಿಡುವುದು ಅಪರೂಪ. ಆದ್ದರಿಂದ ಬಿಡಿ ಸಕ್ಕರೆಗಿಂತ ಮಾಲೆಯ ಸಕ್ಕರೆ ಹತ್ತು ಪಟ್ಟು, ನೂರು ಪಟ್ಟು, ಕೆಲವೊಮ್ಮೆ ಸಾವಿರ ಪಟ್ಟು ಬಿಗಿಯಾಗಿ ಹಿಡಿಯುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಕ್ಲಸ್ಟರ್ ಗ್ಲೈಕೋಸೈಡ್ ಇಫೆಕ್ಟ್ ಅಂತ ದೊಡ್ಡ ಹೆಸರಿದೆ. ಹೆಸರು ಮರೆತರೂ ಪರವಾಗಿಲ್ಲ.

ಇನ್ನು ಹಾಲಾಗುವುದು. ಒಂದು ಕಾನ್-ಎಗೆ ನಾಲ್ಕು ಕೈ. ಒಂದು ಕೈ ಈ ಮಾಲೆಯನ್ನು ಹಿಡಿದರೆ ಇನ್ನೊಂದು ಕೈ ಪಕ್ಕದ ಮಾಲೆಯನ್ನು ಹಿಡಿಯುತ್ತದೆ. ಆ ಮಾಲೆಯನ್ನು ಮತ್ತೊಂದು ಕಾನ್-ಎ ಹಿಡಿಯುತ್ತದೆ. ನೋಡನೋಡುತ್ತಾ ಬಲೆ. ಬಲೆ ದೊಡ್ಡದಾದಾಗ ಬೆಳಕು ಅದಕ್ಕೆ ಬಡಿದು ಚದುರುತ್ತದೆ, ನೀರು ಬೆಳ್ಳಗೆ ಕಾಣುತ್ತದೆ. ಎಷ್ಟು ಬೇಗ ಬೆಳ್ಳಗಾಯಿತು, ಎಷ್ಟು ಬೆಳ್ಳಗಾಯಿತು ಅಂತ ಯಂತ್ರದಲ್ಲಿ ಅಳೆಯುತ್ತಾರೆ. ಆಮೇಲೆ ಒಂದು ಚಿಟಿಕೆ ಬಿಡಿ ಮ್ಯಾನೋಸ್ ಹಾಕುತ್ತಾರೆ. ಬಿಡಿ ಸಕ್ಕರೆಗಳು ಲಕ್ಷಗಟ್ಟಲೆ ನುಗ್ಗಿ ಕೈಗಳನ್ನೆಲ್ಲ ತುಂಬಿಬಿಡುತ್ತವೆ. ಮಾಲೆಗೆ ಜಾಗವಿಲ್ಲ. ಬಲೆ ಬಿಚ್ಚಿ ನೀರು ಪುನಃ ತಿಳಿಯಾಗುತ್ತದೆ. ಅದೇ ಕಾನ್-ಎಗೆ ಗ್ಯಾಲಕ್ಟೋಸಿನ ಮಾಲೆ ಹಾಕಿದರೆ? ಎಷ್ಟು ಹೊತ್ತು ಕಾದರೂ ತಿಳಿನೀರೇ.

ಐದು ವರ್ಷ ಯಾಕೆ ಬೇಕು ಅಂತ ಈಗ ಅಮ್ಮನಿಗೆ ಹೇಳು. ಮಾಲೆ ಎಷ್ಟು ಉದ್ದ ಇರಬೇಕು? ಕಾನ್-ಎಯ ಎರಡು ಕೈಗಳ ನಡುವೆ ಸುಮಾರು 6.5 ನ್ಯಾನೊಮೀಟರ್ ದೂರ. ಅದಕ್ಕಿಂತ ಗಿಡ್ಡ ಮಾಲೆ ಒಂದೇ ಪ್ರೋಟೀನಿನ ಎರಡು ಕೈಗೆ ಎಟಕುವುದಿಲ್ಲ. ಹೂವು ಎಷ್ಟು ಒತ್ತಾಗಿ ಪೋಣಿಸಬೇಕು? ಒತ್ತಾದಷ್ಟೂ ಒಳ್ಳೆಯದು ಅಂತ ನಾನೂ ಅಂದುಕೊಂಡಿದ್ದೆ. ಹಾಗಲ್ಲ. ಪ್ರೋಟೀನ್ ಉಂಡೆ ದೊಡ್ಡದು, ಒಂದು ಕೂತರೆ ಪಕ್ಕದ ಐದಾರು ಹೂವು ಅದರ ಕೆಳಗೆ ಮುಚ್ಚಿಹೋಗುತ್ತವೆ. ಒತ್ತಾದ ಮಾಲೆಗೆ ಒಟ್ಟು ಹೆಚ್ಚು ಪ್ರೋಟೀನ್ ಅಂಟುತ್ತದೆ ನಿಜ, ಆದರೆ ಒಂದೊಂದು ಸಕ್ಕರೆಯ ಲೆಕ್ಕದಲ್ಲಿ ನೋಡಿದರೆ ಬಿಡಿಬಿಡಿಯಾಗಿ ಪೋಣಿಸಿದ್ದೇ ಜಾಸ್ತಿ ಕೆಲಸ ಮಾಡುತ್ತದೆ. ಒಂದೊಂದು ಉದ್ದಕ್ಕೆ, ಒಂದೊಂದು ಒತ್ತಿಗೆ ಒಂದೊಂದು ಮಾಲೆ ತಯಾರಿಸಬೇಕು. ತಯಾರಾದದ್ದು ಅದೇ ಹೌದಾ ಅಂತ ಪರೀಕ್ಷಿಸಬೇಕು. ಆಮೇಲೆ ನೀರು ಹಾಲಾಗುವುದನ್ನು ನೋಡುತ್ತಾ ಕೂರುವುದು ಕೊನೆಯ ಹತ್ತು ನಿಮಿಷದ ಕೆಲಸ.

ಪ್ರಶ್ನೆ: ಹಲಸಿನ ಮೇಣ ಕೈಗೆ ಅಂಟುವುದೂ ಇದೇ ಪ್ರೋಟೀನಿನಿಂದಲಾ? — ಕೃಷಿಕರು, ಮುಳ್ಳೇರಿಯ

ಉತ್ತರ: ಅಲ್ಲ. ಮೇಣ ರಬ್ಬರಿನ ಜಾತಿಯದು. ಅದಕ್ಕೆ ಕೈ ಆದರೂ ಆಯಿತು, ಕತ್ತಿ ಆದರೂ ಆಯಿತು, ಹೊಸ ಪಂಚೆ ಆದರೂ ಆಯಿತು. ಸಕ್ಕರೆ ಹಾಕಿ ತೊಳೆದರೆ ಹೋಗುವುದಿಲ್ಲ, ತೆಂಗಿನೆಣ್ಣೆಯೇ ಬೇಕು. ಬೀಜದ ಪ್ರೋಟೀನ್ ಹಾಗಲ್ಲ, ಅದು ತನಗೆ ಬೇಕಾದ್ದನ್ನು ಆರಿಸಿ ಹಿಡಿಯುತ್ತದೆ. ಬೇಕಾದ್ದು ಬಿಡಿಯಾಗಿ ಧಾರಾಳ ಸಿಕ್ಕಿದರೆ ಹಿಡಿದದ್ದನ್ನು ಬಿಡುತ್ತದೆ.

ಪ್ರಶ್ನೆ: ‘ಪ್ರೋಟೀನ್ ರಕ್ತವನ್ನು ಗಡ್ಡೆ ಕಟ್ಟಿಸುತ್ತದೆ’ ಎಂದು ಬರೆದಿದ್ದೀರಿ. ನೀವು ಕಣ್ಣಾರೆ ನೋಡಿದ್ದೀರಾ, ಪುಸ್ತಕದಲ್ಲಿ ಓದಿದ್ದಾ? — ನಿವೃತ್ತ ಬ್ಯಾಂಕ್ ನೌಕರರು, ಕುಂಬಳೆ

ಉತ್ತರ: ಮೊದಲು ಒಂದು ತಿದ್ದುಪಡಿ. ನಾನು ಬರೆದದ್ದು ‘ಗುಂಪು ಕಟ್ಟಿಸುವ’ ಅಂತ. ಗಾಯವಾದಾಗ ರಕ್ತ ಹೆಪ್ಪುಗಟ್ಟುವುದು ಬೇರೆ ವಿದ್ಯೆ. ಇಲ್ಲಿ ಕೆಂಪು ಕಣಗಳು ಒಂದಕ್ಕೊಂದು ಅಂಟಿ ಗುಂಪಾಗುತ್ತವೆ, ಅಷ್ಟೇ. ನಿಮ್ಮಂಥವರು ಲೆಕ್ಕ ಸರಿ ನೋಡುತ್ತೀರಿ ಅಂತ ಹೇಳಿದೆ.

ಇನ್ನು, ಕಣ್ಣಾರೆ ನೋಡಿದ್ದೇನೆ. ಮೊದಲ ಸಲ ಹಾಳು ಮಾಡಿಯೂ ನೋಡಿದ್ದೇನೆ.

ನಾನು ಶಾಲೆಯಲ್ಲಿ ಪಾಠ ಮಾಡುತ್ತಿದ್ದ ಕಾಲ. ಗೆಳೆಯನೊಬ್ಬ ಕಾಸರಗೋಡಿನ ಹಳೆ ಬಸ್ ಸ್ಟ್ಯಾಂಡಿನ ಹತ್ತಿರ ರಕ್ತ ಪರೀಕ್ಷೆಯ ಲ್ಯಾಬ್ ಇಟ್ಟಿದ್ದ. ನಾನು ಮನೆಯಿಂದ ಹಸಿ ಹಲಸಿನ ಬೀಜದ ರಸ ತಯಾರು ಮಾಡಿಕೊಂಡು ಹೋದೆ. ಬಿಳಿ ಸಿಪ್ಪೆ ಬಿಡಿಸಿ, ಕಂದು ಸಿಪ್ಪೆ ಕೆರೆದು, ಮಿಕ್ಸಿಯಲ್ಲಿ ಅರೆದು, ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಬಟ್ಟೆಯಲ್ಲಿ ಸೋಸಿದ್ದು. ಗೆಳೆಯ ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತ ಇಟ್ಟ, ಅದಕ್ಕೆ ನನ್ನ ರಸ ಒಂದು ಹನಿ. ಗುಂಪೂ ಇಲ್ಲ, ಗಡ್ಡೆಯೂ ಇಲ್ಲ. ಇಡೀ ಹನಿ ಕೋಕಂ ಶರಬತ್ತಿನ ಹಾಗೆ ತಿಳಿ ಕೆಂಪಾಗಿ ನಿಂತಿತು. ಗೆಳೆಯ ನನ್ನ ಮುಖ ನೋಡಿ, ‘ಉಪ್ಪಿಟ್ಟಿಲ್ಲೇ ಮಾಷೇ?’ ಅಂದ. ಉಪ್ಪು ಹಾಕಲಿಲ್ಲವಾ ಅಂತ ಅವನ ಮಲಯಾಳ. ನನ್ನ ಜೊತೆ ಬಂದಿದ್ದ ಪುತ್ತೂರಿನ ಭಾವನಿಗೆ ಮಲಯಾಳ ಬಾರದು. ‘ಬೆಳಿಗ್ಗೆ ನೀರುದೋಸೆ ತಿಂದಿದ್ದೇವೆ, ಉಪ್ಪಿಟ್ಟು ಬೇಡ’ ಅಂದುಬಿಟ್ಟರು.

ನಡೆದದ್ದು ಏನು ಅಂದರೆ, ಉಪ್ಪಿಲ್ಲದ ನೀರಿಗೆ ಬಿದ್ದ ರಕ್ತಕಣ ನೀರು ಕುಡಿದು ಉಬ್ಬಿ ಒಡೆಯುತ್ತದೆ. ಕಣವೇ ಇಲ್ಲದ ಮೇಲೆ ಗುಂಪು ಎಲ್ಲಿಂದ? ಮರುವಾರ 100 ಮಿಲಿ ನೀರಿಗೆ 0.9 ಗ್ರಾಂ ಉಪ್ಪು ಹಾಕಿ ಅದರಲ್ಲಿ ನೆನೆಸಿದ ರಸ ಒಯ್ದೆ. ಪಟ್ಟಿಯನ್ನು ಆಚೀಚೆ ವಾಲಿಸುತ್ತಾ ಇದ್ದ ಹಾಗೆ ಎರಡು ನಿಮಿಷದಲ್ಲಿ ಹನಿಯ ಅಂಚಿನಲ್ಲಿ ಕೆಂಪು ರವೆ ಕಾಣಿಸಿಕೊಂಡಿತು. ಮತ್ತೆ ಇಡೀ ಹನಿ ರವೆರವೆ, ನಡುವೆ ತಿಳಿನೀರು. ಭಾವ ಬಗ್ಗಿ ನೋಡಿ, ‘ಇದು ಉಪ್ಪಿಟ್ಟೇ’ ಅಂದರು.

ಎ ರಕ್ತ, ಬಿ ರಕ್ತ, ಓ ರಕ್ತ, ಯಾವುದನ್ನು ಇಟ್ಟರೂ ಹಾಗೇ ಆಯಿತು. ಬೇಯಿಸಿದ ಬೀಜದ ರಸಕ್ಕೆ ಏನೂ ಆಗಲಿಲ್ಲ. ರಸಕ್ಕೆ ಮೊದಲೇ ಗ್ಯಾಲಕ್ಟೋಸ್ ಬೆರೆಸಿ ಆಮೇಲೆ ರಕ್ತ ಇಟ್ಟರೆ ಆಗಲೂ ಏನೂ ಇಲ್ಲ. ಕೈಗಳೆಲ್ಲ ಮೊದಲೇ ತುಂಬಿದ್ದವು. ಅಡುಗೆ ಮನೆಯ ಸಕ್ಕರೆ ಬೆರೆಸಿದರೆ ರವೆ ಎಂದಿನಂತೆ ಬಂತು. ಯಾಕೆಂದರೆ ಹಲಸಿನ ಪ್ರೋಟೀನಿಗೆ ಬೇಕಾದದ್ದು ಗ್ಯಾಲಕ್ಟೋಸ್, ನಮ್ಮ ಸಕ್ಕರೆಯಲ್ಲಿರುವುದು ಗ್ಲೂಕೋಸ್ ಮತ್ತು ಫ್ರುಕ್ಟೋಸ್. ರಕ್ತಕಣದ ಮೈಮೇಲೆ ಸಕ್ಕರೆಗಳು ಕೂದಲಿನ ಹಾಗೆ ನಿಂತಿರುತ್ತವೆ. ನೀರ್ಚಾಲಿನ ಹುಡುಗನ ಅಕ್ಕ ಮಾಲೆಯಲ್ಲಿ ನೋಡುವುದನ್ನು ನಾವು ರಕ್ತಕಣದಲ್ಲಿ ನೋಡಿದೆವು, ಅಷ್ಟೇ ವ್ಯತ್ಯಾಸ.

ಈ ಪ್ರೋಟೀನಿನ ಹೆಸರು ಜಕಾಲಿನ್. ಹೀಗೆ ಸಕ್ಕರೆಯನ್ನು ಆರಿಸಿ ಹಿಡಿಯುವ ಪ್ರೋಟೀನುಗಳಿಗೆಲ್ಲ ಲೆಕ್ಟಿನ್ ಅಂತಾರೆ, ಕಾನ್-ಎಯೂ ಅದೇ. ಇಂಗ್ಲಿಷಿನ ಜ್ಯಾಕ್, ಅಂದರೆ ನಮ್ಮ ಈ ಕಡೆಯ ಚಕ್ಕ. ಅದರ ಒಳರಚನೆಯನ್ನು 1996ರಲ್ಲಿ ಬಿಡಿಸಿ ತೋರಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ವಿಜಯನ್, ಎ. ಸುರೋಲಿಯಾ ಮತ್ತು ಅವರ ಜೊತೆಯವರು. ಮೂರು ಪಟ್ಟಿಯ ಪಟ್ಟಕದಂಥ ಅದರ ಮಡಿಕೆಯನ್ನು ಯಾವ ಲೆಕ್ಟಿನ್‌ನಲ್ಲೂ ಅದುವರೆಗೆ ಯಾರೂ ಕಂಡಿರಲಿಲ್ಲ. ನಮ್ಮ ಅಟ್ಟದಲ್ಲಿ ಕೆಮ್ಮಣ್ಣು ಮೆತ್ತಿ ಮಳೆಗಾಲಕ್ಕೆ ಇಟ್ಟ ಬೀಜವನ್ನು ಈಗ ನೋಡುವಾಗೆಲ್ಲ ನನಗೆ ಇದು ನೆನಪಾಗುತ್ತದೆ. ನಮ್ಮ ಮನೆಯವಳಿಗೆ ಮಾತ್ರ ಬೋಳುಹುಳಿ ನೆನಪಾಗುತ್ತದೆ.

ದಯವಿಟ್ಟು ಮನೆಯಲ್ಲಿ ಬೆರಳು ಚುಚ್ಚಿಕೊಂಡು ಇದನ್ನು ಮಾಡಬೇಡಿ. ಲ್ಯಾಬಿನಲ್ಲೇ ಆಗಲಿ.

ಪ್ರಶ್ನೆ: ಲೆಕ್ಟಿನ್ ವಿಷ, ಹಲಸಿನ ಬೀಜ, ಅವರೆ, ಹುರುಳಿ ಯಾವುದನ್ನೂ ತಿನ್ನಬಾರದು ಎಂದು ವಾಟ್ಸಾಪಿನಲ್ಲಿ ಬಂದಿದೆ. ನಮ್ಮ ಮನೆಯಲ್ಲಿ ಒಂದು ಡಬ್ಬ ಸಾಂತಾಣಿ ಇದೆ. ಬಿಸಾಡಬೇಕೇ? — ಗೃಹಿಣಿ, ಪೆರ್ಲ

ಉತ್ತರ: ಬಿಸಾಡುವುದಾದರೆ ನನಗೆ ಕಳಿಸಿ. ಉಪ್ಪುನೀರಿನಲ್ಲಿ ಬೇಯಿಸಿ ಒಣಗಿಸಿದ್ದು ತಾನೇ ಸಾಂತಾಣಿ? ಬೆಂದ ಬೀಜದಲ್ಲಿ ಜಕಾಲಿನ್ನಿನ ಆಟ ಮುಗಿಯಿತು. ಮೊಟ್ಟೆಯ ಬಿಳಿ ಬೆಂದು ಗಟ್ಟಿಯಾದ ಹಾಗೆ ಪ್ರೋಟೀನಿನ ಮಡಿಕೆ ಕೆಡುತ್ತದೆ, ಮಡಿಕೆ ಕೆಟ್ಟರೆ ಕೈಗಳೂ ಇಲ್ಲ.

ಆದರೆ ವಾಟ್ಸಾಪಿನವರು ಪೂರ್ತಿ ಸುಳ್ಳು ಹೇಳಿದ್ದಲ್ಲ. ಮಕ್ಕಳು ಹಾಸ್ಟೆಲಿನಿಂದ ಕಲಿತು ಬರುವ ರಾಜ್ಮಾ ಇದೆಯಲ್ಲ, ಅದರ ಬಗ್ಗೆ ಹುಷಾರಾಗಿರಿ. ಅದರ ಲೆಕ್ಟಿನ್ ಜೋರು. ಅರೆಬೆಂದ ನಾಲ್ಕೈದು ಕಾಳು ಹೊಟ್ಟೆಗೆ ಹೋದರೂ ಕೆಲವು ಗಂಟೆಯಲ್ಲಿ ವಾಂತಿ, ಭೇದಿ ಶುರುವಾಗಬಹುದು. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕೊತಕೊತ ಕುದಿಸಿ ಬೇಯಿಸಿದರೆ ತೊಂದರೆಯಿಲ್ಲ. ಕುಕ್ಕರ್ ಇನ್ನೂ ಒಳ್ಳೆಯದು. ಕುದಿಯಲು ಬಿಡದೆ ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಇಡುವ ಪಾತ್ರೆಗಳು ಈಗ ಬಂದಿವೆ, ಅದರಲ್ಲಿ ಮಾತ್ರ ರಾಜ್ಮಾ ಬೇಡ.

ನಿಜವಾದ ವಿಷವೂ ಇದೇ ಮನೆತನದ್ದು ಎಂಬುದು ನಿಜ. ಹರಳು ಬೀಜದ ರೈಸಿನ್, ಗುಲಗಂಜಿಯ ಅಬ್ರಿನ್. ಎರಡಕ್ಕೂ ಎರಡು ಭಾಗ. ಒಂದು ಭಾಗ ಗ್ಯಾಲಕ್ಟೋಸನ್ನು ಹಿಡಿದುಕೊಂಡು ಜೀವಕೋಶದ ಬಾಗಿಲು ತೆರೆಸುತ್ತದೆ, ಇನ್ನೊಂದು ಭಾಗ ಒಳಗೆ ಹೋಗಿ ಕೋಶದ ಪ್ರೋಟೀನ್ ತಯಾರಿಯನ್ನೇ ನಿಲ್ಲಿಸುತ್ತದೆ. ಹಲಸಿನ ಬೀಜಕ್ಕೆ ಆ ಎರಡನೇ ಭಾಗ ಇಲ್ಲ. ಗುಲಗಂಜಿಯನ್ನು ಮಕ್ಕಳ ಕೈಗೆ ಆಡಲು ಕೊಡಬೇಡಿ. ಚಿನ್ನ ತೂಗುತ್ತಿದ್ದ ಕಾಳು ಅಂತ ತೋರಿಸಿ ತೆಗೆದಿಡಿ.

ಪ್ರಶ್ನೆ: ಸಿಂಥೆಟಿಕ್ ಪಾಲಿಮರ್ ಅಂದರೆ ಪ್ಲಾಸ್ಟಿಕ್ ತಾನೇ? ನಿಜವಾದ ಸಕ್ಕರೆಗೂ ಪ್ಲಾಸ್ಟಿಕ್ ಸಕ್ಕರೆಗೂ ಗಿಡದ ಪ್ರೋಟೀನಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲವೇ? ಅದು ಸಿಹಿಯಾಗಿರುತ್ತದೆಯೇ? — ವಿದ್ಯಾರ್ಥಿನಿ, ಮಂಜೇಶ್ವರ

ಉತ್ತರ: ದಾರ ಮಾತ್ರ ಕೃತಕ, ಹೂವು ಅಸಲಿ. ಮ್ಯಾನೋಸ್ ಮ್ಯಾನೋಸೇ. ಪ್ರೋಟೀನಿನ ಗುಳಿಗೆ ಕಾಣುವುದು ತುದಿಯ ಸಕ್ಕರೆ. ಹಿಂದೆ ಇರುವ ದಾರ ಪಿಷ್ಟದ್ದೋ, ಅಕ್ರಿಲಮೈಡಿನದ್ದೋ ಅಂತ ಅದು ಕೇಳುವುದಿಲ್ಲ. ಪ್ರಾಗ್ ನಗರದ ಕೊಚೌರೆಕ್ ಮತ್ತು ಹೊರೆಯ್ಷಿ ಎಂಬುವರು 1970ರ ದಶಕದ ಶುರುವಿನಲ್ಲೇ ಪಾಲಿಅಕ್ರಿಲಮೈಡಿಗೆ ಸಕ್ಕರೆ ಕಟ್ಟಿ, ಅದರ ಮೇಲೆ ಬೀಜದ ರಸ ಹರಿಸಿ, ತಮಗೆ ಬೇಕಾದ ಲೆಕ್ಟಿನ್ ಮಾತ್ರ ಹಿಡಿದು ತೆಗೆದಿದ್ದರು.

ಹಾಗಂತ ದಾರಕ್ಕೆ ಲೆಕ್ಕವೇ ಇಲ್ಲ ಅಂತಲ್ಲ. ಗಡುಸು ದಾರವಾದರೆ ಹೂವು ಕೈಗೆ ಬಗ್ಗುವುದಿಲ್ಲ. ತೀರಾ ಮೆತ್ತಗಾದರೆ ಮಾಲೆ ತನ್ನ ಮೇಲೆಯೇ ಸುತ್ತಿಕೊಳ್ಳುತ್ತದೆ. ದಾರದ ಉದ್ದವನ್ನು ಬೇಕಾದಷ್ಟೇ ಇಟ್ಟು ಕತ್ತರಿಸುವ ವಿದ್ಯೆ ಬಂದ ಮೇಲೆ ಈ ಕ್ಷೇತ್ರ ಬೆಳೆಯಿತು. 1990ರ ದಶಕದಲ್ಲಿ ಅಮೆರಿಕದ ಲಾರಾ ಕೀಸ್ಲಿಂಗ್ ತಂಡ ಉಂಗುರದಂಥ ಅಣುಗಳನ್ನು ಬಿಚ್ಚಿ ಸಾಲಾಗಿ ಜೋಡಿಸುವ ವಿಧಾನದಲ್ಲಿ ಸಕ್ಕರೆ ಮಾಲೆ ಮಾಡಿ, ಕಾನ್-ಎ ರಕ್ತಕಣಗಳನ್ನು ಗುಂಪು ಕಟ್ಟಿಸುವುದನ್ನು ತಡೆದು ತೋರಿಸಿತು. ಆ ಜೋಡಿಸುವ ವಿಧಾನದ ಹಿಂದಿರುವ ರಾಸಾಯನಿಕ ಕ್ರಿಯೆಗೆ 2005ರಲ್ಲಿ ಶೊವ್ಯಾ, ಗ್ರಬ್ಸ್, ಶ್ರಾಕ್ ಮೂವರಿಗೆ ನೊಬೆಲ್ ಬಂತು.

ಸಿಹಿಯ ಬಗ್ಗೆ: ನೆಕ್ಕಿ ನೋಡಬೇಡ, ಲ್ಯಾಬಿನ ಯಾವುದನ್ನೂ. ಉದ್ದ ಅಣುವಿಗೆ ಕಟ್ಟಿದ ಸಕ್ಕರೆ ನಾಲಿಗೆಗೆ ಸಿಹಿಯಾಗುವುದು ಕಷ್ಟ. ಅನ್ನದ ಪಿಷ್ಟವೂ ಪೂರ್ತಿ ಗ್ಲೂಕೋಸೇ, ಆದರೂ ಮೊದಲ ತುತ್ತು ಸಪ್ಪೆ. ಜಗಿಯುತ್ತಾ ಇದ್ದರೆ ಎಂಜಲಿನ ಕಿಣ್ವ ಅದನ್ನು ತುಂಡು ಮಾಡುತ್ತದೆ, ಆಗ ಸಿಹಿ.

ಪ್ರಶ್ನೆ: ಇದರಿಂದ ನಮಗೇನು ಲಾಭ? — ಹೆಸರು ಬೇಡ, ಅಡೂರು

ಉತ್ತರ: ಹೆಸರು ಬೇಡ ಅಂದವರ ಪ್ರಶ್ನೆಯೇ ಯಾವಾಗಲೂ ಖಾರ.

ಜ್ವರದ ಫ್ಲೂ ವೈರಸ್ ನಮ್ಮ ಗಂಟಲಿನ ಕೋಶವನ್ನು ಹಿಡಿಯುವುದು ಸಯಾಲಿಕ್ ಆಸಿಡ್ ಎಂಬ ಸಕ್ಕರೆಯ ಮೂಲಕ. ಮೂತ್ರದ ಸೋಂಕು ತರುವ ಈ-ಕೊಲೈ ಬ್ಯಾಕ್ಟೀರಿಯಾಕ್ಕೆ ಮ್ಯಾನೋಸ್ ಬೇಕು. ಕಾಲರಾದ ವಿಷಕ್ಕೆ ಐದು ಕೈ, ಅವೂ ಕರುಳಿನ ಮೇಲಿನ ಸಕ್ಕರೆಯನ್ನೇ ಹುಡುಕುತ್ತವೆ. ಇವೆಲ್ಲ ಹಿಡಿಯುವ ರೀತಿ ಅವರೆಯ ಪ್ರೋಟೀನಿನ ರೀತಿಯೇ: ಒಂದೊಂದು ಹಿಡಿತ ಸಡಿಲ, ಒಟ್ಟು ಸೇರಿದರೆ ಬಿಗಿ. ಹಾಗಾದರೆ ಕೋಶಕ್ಕಿಂತ ಮೊದಲು ಒಂದು ಸಕ್ಕರೆ ಮಾಲೆಯನ್ನು ಅವುಗಳ ಕೈಗೆ ಕೊಟ್ಟರೆ? ಹಾರ್ವರ್ಡಿನ ಜಾರ್ಜ್ ವೈಟ್‌ಸೈಡ್ಸ್ ತಂಡ ಸಯಾಲಿಕ್ ಆಸಿಡ್ ಕಟ್ಟಿದ ಪಾಲಿಅಕ್ರಿಲಮೈಡ್ ಮಾಲೆಯಿಂದ ಫ್ಲೂ ವೈರಸ್ ರಕ್ತಕಣಗಳಿಗೆ ಅಂಟದ ಹಾಗೆ ಮಾಡಿತ್ತು. ಬಿಡಿ ಸಕ್ಕರೆಗೆ ಹೋಲಿಸಿದರೆ ಸಾವಿರಾರು ಪಟ್ಟು ಚೆನ್ನಾಗಿ. ಅದು ಲ್ಯಾಬಿನ ಗಾಜಿನೊಳಗಿನ ಮಾತು, ಮೆಡಿಕಲ್ ಶಾಪಿನಲ್ಲಿ ಕೇಳಬೇಡಿ. ವೈರಸ್ಸಿನಲ್ಲಿ ಕೈ ಹಾಕುವ ಮೊದಲು ಅಪಾಯವಿಲ್ಲದ ಒಂದು ಪ್ರೋಟೀನಿನಲ್ಲಿ ಮಾಲೆಯನ್ನು ಪರೀಕ್ಷಿಸಬೇಕು. ಅದಕ್ಕೆ ಅಗ್ಗವಾಗಿ ಸಿಗುವುದು ಕಾನ್-ಎ.

ಸಕ್ಕರೆ ಕಾಯಿಲೆಯವರಿಗೂ ಒಂದು ಸುದ್ದಿ, ಹಳೆಯದೇ. 1979ರಲ್ಲಿ ಬ್ರೌನ್ಲೀ ಮತ್ತು ಸೆರಾಮಿ ಎಂಬುವರು ಇನ್ಸುಲಿನ್‌ಗೆ ಸಕ್ಕರೆ ಕಟ್ಟಿ ಕಾನ್-ಎಯ ಕೈಯಲ್ಲಿ ಹಿಡಿಸಿ ಇಟ್ಟರು. ಸುತ್ತ ಗ್ಲೂಕೋಸ್ ಏರಿದರೆ ಅದು ನುಗ್ಗಿ ಇನ್ಸುಲಿನನ್ನು ಎಬ್ಬಿಸುತ್ತದೆ, ಇನ್ಸುಲಿನ್ ಹೊರಗೆ ಬರುತ್ತದೆ. ಗ್ಲೂಕೋಸ್ ಇಳಿದರೆ ಬಿಡುಗಡೆ ನಿಧಾನ. ಎಷ್ಟು ಚಂದದ ಯೋಚನೆ! ತೊಡಕು ಏನೆಂದರೆ, ಕಾನ್-ಎ ರಕ್ತದ ಬಿಳಿ ಕಣಗಳನ್ನು ಕೆರಳಿಸುತ್ತದೆ. ಹಾಗಾಗಿ ಮೈಯೊಳಗೆ ಸುಮ್ನೆ ಬಿಡುವ ಹಾಗಿಲ್ಲ.

ಪ್ರಶ್ನೆ: ನನ್ನ ಮಗಳ ರಕ್ತ ಒಂದು ಕಡೆ ‘ಎ’ ಎಂದರು. ಇನ್ನೊಂದು ಕಡೆ ‘ಎ2’ ಎಂದರು. ಯಾವುದು ಸರಿ? ಇದಕ್ಕೂ ಹುರುಳಿಗೂ ಸಂಬಂಧ ಉಂಟು ಎಂದು ಲ್ಯಾಬಿನವರು ನಕ್ಕರು. — ತಂದೆ, ಬದಿಯಡ್ಕ

ಉತ್ತರ: ಎರಡೂ ಸರಿ. ಲ್ಯಾಬಿನವರು ನಕ್ಕರೂ ಹೇಳಿದ್ದು ನಿಜ.

ಎ ಗುಂಪಿನೊಳಗೇ ಎ1, ಎ2 ಅಂತ ಇದೆ. ಎ ಮತ್ತು ಬಿ ಗುಂಪಿನ ವ್ಯತ್ಯಾಸ ರಕ್ತಕಣದ ಮೇಲಿನ ಸಕ್ಕರೆ ಸರಪಳಿಯ ತುದಿಯ ಒಂದೇ ಒಂದು ಸಕ್ಕರೆ. ಬಿಗೆ ಗ್ಯಾಲಕ್ಟೋಸ್. ಎಗೆ ಎನ್-ಅಸಿಟೈಲ್ ಗ್ಯಾಲಕ್ಟೋಸಮೀನ್. ಎ1 ಕಣದಲ್ಲಿ ಈ ತುದಿಗಳು ಒತ್ತಾಗಿ ಇರುತ್ತವೆ, ಎ2ನಲ್ಲಿ ತುಂಬಾ ಕಡಿಮೆ. ನಮ್ಮ ಹುರುಳಿ, ತುಳುವಿನ ಕುಡು, ಮಲಯಾಳದ ಮುದಿರ, ಅದರ ಲೆಕ್ಟಿನ್‌ಗೆ ಬೇಕಾದದ್ದು ಇದೇ ಸಕ್ಕರೆ. ಸರಿಯಾಗಿ ತೆಳು ಮಾಡಿದ ಹುರುಳಿ ರಸ ಎ1 ಕಣಗಳನ್ನು ಗುಂಪು ಕಟ್ಟಿಸುತ್ತದೆ, ಎ2 ಕಣಗಳನ್ನು ಬಿಟ್ಟುಬಿಡುತ್ತದೆ. ನೀರ್ಚಾಲಿನ ಹುಡುಗನಿಗೆ ಹೇಳಿದ ಲೆಕ್ಕವೇ ಇಲ್ಲೂ. ಹೂವು ಅದೇ, ಆದರೆ ಮಾಲೆ ತೀರಾ ಬಿಡಿಯಾದರೆ ಹಿಡಿತ ನಿಲ್ಲುವುದಿಲ್ಲ. ಇದನ್ನು ಭಾರತದಲ್ಲೇ ಕೆಲಸ ಮಾಡುತ್ತಿದ್ದ ಜಿ. ಡಬ್ಲ್ಯು. ಜಿ. ಬರ್ಡ್ 1951ರಲ್ಲಿ ಪ್ರಕಟಿಸಿದ್ದು, ಬೆಂಗಳೂರಿನಿಂದ ಬರುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ. ಇಂದಿಗೂ ರಕ್ತನಿಧಿಯ ಫ್ರಿಜ್ಜಿನಲ್ಲಿ ‘ಆ್ಯಂಟಿ-ಎ1 ಲೆಕ್ಟಿನ್’ ಅಂತ ಒಂದು ಸಣ್ಣ ಬಾಟಲಿ ಇರುತ್ತದೆ. ಚೀಟಿಯಲ್ಲಿ ಡಾಲಿಕೋಸ್ ಬೈಫ್ಲೋರಸ್ ಅಂತ ಬರೆದಿರುತ್ತದೆ. ಅದು ಹುರುಳಿಯ ಹಳೆಯ ಸಸ್ಯಶಾಸ್ತ್ರದ ಹೆಸರು.

ಇದು ನನಗೆ ಗೊತ್ತಾದದ್ದು ನನ್ನದೇ ರಕ್ತದಿಂದ. ಹರ್ನಿಯಾ ಆಪರೇಷನ್ನಿಗೆ ಮೊದಲು ಒಂದು ಆಸ್ಪತ್ರೆಯಲ್ಲಿ ನನ್ನ ಗುಂಪು ಹೊಂದಿಕೆಯಾಗುತ್ತಿಲ್ಲ ಅಂತ ಮೂರು ಸಲ ರಕ್ತ ತೆಗೆದರು. ಯಾಕೆ ಅಂತ ಯಾರೂ ಹೇಳಲಿಲ್ಲ. ಇವಳಂತೂ ಊರ ದೇವರಿಗೆಲ್ಲ ಹರಕೆ ಹೊತ್ತಳು. ಕೊನೆಗೆ ಒಬ್ಬ ಹುಡುಗಿ, ಹೊಸದಾಗಿ ಸೇರಿದ ಟೆಕ್ನಿಷಿಯನ್, ಆ ಬಾಟಲಿ ತಂದು ಒಂದು ಹನಿ ಹಾಕಿದಳು. ರವೆ ಬರಲಿಲ್ಲ. ‘ನೀವು ಎ2, ಮಾಷೇ. ಮತ್ತೆ ನಿಮ್ಮ ರಕ್ತದಲ್ಲಿ ಎ1ಗೆ ವಿರುದ್ಧದ ಆ್ಯಂಟಿಬಾಡಿಯೂ ಇದೆ’ ಅಂದಳು. ಎ2ನವರಲ್ಲಿ ಕೆಲವರಿಗೆ ಹಾಗೆ ಇರುತ್ತದೆ. ಹೆಚ್ಚಿನವರಿಗೆ ಅದರಿಂದ ಜೀವನದಲ್ಲಿ ಏನೂ ತೊಂದರೆಯಾಗುವುದಿಲ್ಲ. ನಿಮ್ಮ ಮಗಳ ಚೀಟಿಯನ್ನು ಮಾತ್ರ ತೆಗೆದಿಡಿ. ರಕ್ತ ಬೇಕಾದ ಸಂದರ್ಭ ಬಂದರೆ ಡಾಕ್ಟರಿಗೆ ತೋರಿಸಿ, ಉಳಿದದ್ದು ಅವರಿಗೆ ಗೊತ್ತು.

ಆಸ್ಪತ್ರೆಯಿಂದ ಮನೆಗೆ ಬಂದ ದಿನ ಇವಳು ಹುರುಳಿ ಸಾರು ಮಾಡಿದ್ದಳು. ಕುದಿಸಿದ್ದು ತಾನೇ ಅಂತ ಎರಡು ಸಲ ಬಡಿಸಿಕೊಂಡೆ.

ಪ್ರಶ್ನೆ: ಲೆಕ್ಟಿನ್ ಎಂಬುದಕ್ಕೆ ಕನ್ನಡ ಪದ ಇಲ್ಲವೇ? — ಕನ್ನಡ ಅಧ್ಯಾಪಕರು, ಕಾಸರಗೋಡು

ಉತ್ತರ: ಲ್ಯಾಟಿನ್ನಿನಲ್ಲಿ ಲೆಗೆರೆ ಅಂದರೆ ಆರಿಸು. ಆರಿಸಿ ಹಿಡಿಯುತ್ತದೆ ಅಂತ 1954ರಲ್ಲಿ ವಿಲಿಯಂ ಬಾಯ್ಡ್ ಮತ್ತು ಎಲಿಜಬೆತ್ ಶೇಪ್ಲಿ ಈ ಹೆಸರಿಟ್ಟರು. ನಾನು ಒಮ್ಮೆ ಹತ್ತನೇ ಕ್ಲಾಸಿನಲ್ಲಿ ‘ಆಯ್ಕಾಂಟು’ ಅಂತ ಪದ ಮಾಡಿ ಬೋರ್ಡಿನಲ್ಲಿ ಬರೆದೆ. ಹಿಂದಿನ ಬೆಂಚಿನವನು, ‘ಸರ್, ಅದು ಯಾವ ಊರು?’ ಅಂತ ಕೇಳಿದ. ಅಳಿಸಿ ಲೆಕ್ಟಿನ್ ಅಂತಲೇ ಬರೆದೆ.